ಐದನೇ ದಿನದ ಟಿಕೆಟ್: ಇಂಗ್ಲೆಂಡಿನಲ್ಲಿ ಐದು ಟೆಸ್ಟ್ ನೋಡಿದ ನನ್ನ ಅನುಭವ

ಮೊದಲು ಲೆಕ್ಕ ಹೇಳಿಬಿಡುತ್ತೇನೆ. 2025ರಲ್ಲಿ ಭಾರತ ಇಂಗ್ಲೆಂಡಿನಲ್ಲಿ ಆಡಿದ ಐದೂ ಟೆಸ್ಟ್‌ಗಳನ್ನು ಮೈದಾನಕ್ಕೆ ಹೋಗಿ ನೋಡಿದೆ. ಟಿಕೆಟ್, ಓಡಾಟ, ಕಾಫಿ ಎಲ್ಲಾ ಸೇರಿ ಸುಮಾರು 320 ಪೌಂಡ್ ಆಯಿತು. ನಮ್ಮ ರೂಪಾಯಿಯಲ್ಲಿ 37 ಸಾವಿರದ ಆಸುಪಾಸು. ಲಂಡನ್ನಿನ ಲಾರ್ಡ್ಸ್ ಮೈದಾನದಲ್ಲಿ ಮೊದಲ ದಿನದ ಒಂದು ಒಳ್ಳೆಯ ಸೀಟಿಗೇ ನೂರು ಪೌಂಡ್ ದಾಟುತ್ತದೆ ಅನ್ನೋದು ಇಲ್ಲಿರುವವರಿಗೆ ಗೊತ್ತೇ ಇದೆ.

ನಾನು ಮಾಡಿದ್ದು ಇಷ್ಟೇ. ಐದನೇ ದಿನಕ್ಕೆ ಮಾತ್ರ ಹೋದೆ. ಆಟ ಅಷ್ಟು ದಿನ ನಡೆಯುತ್ತದೆ ಅನ್ನುವ ಖಾತ್ರಿ ಇಲ್ಲ, ಅದಕ್ಕೇ ಆ ದಿನದ ಟಿಕೆಟ್ ಅಗ್ಗ.

ಮೇ ತಿಂಗಳಲ್ಲಿ ಇದನ್ನು ಹೇಳಿದಾಗ ಒಬ್ಬರೂ ಒಪ್ಪಲಿಲ್ಲ. ನಾನಿರುವುದು ಕಾವೆಂಟ್ರಿಯಲ್ಲಿ. "ಮಾರಾಯ, ಇಂಗ್ಲೆಂಡಿನ ಸ್ಟೋಕ್ಸ್ ಟೀಮು ಮೂರೂವರೆ ದಿನಕ್ಕೆ ಮುಗಿಸುತ್ತೆ. ನೀನು ಹೋಗಿ ಖಾಲಿ ಮೈದಾನ ನೋಡ್ಕೊಂಡು ಬಾ" ಅಂದ ಶಿವಮೊಗ್ಗದ ಗೆಳೆಯ. ಹಾಸನದಿಂದ ಬಾಮೈದ ಫೋನ್ ಮಾಡಿದ. "ಭಾವ, ಕೊಹ್ಲಿ ಇಲ್ಲ, ರೋಹಿತ್ ಇಲ್ಲ, ಅಶ್ವಿನ್ ಇಲ್ಲ. ಐದನೇ ದಿನದವರೆಗೆ ಯಾರು ಎಳೀತಾರೆ?"

ಅವರ ಮಾತನ್ನು ತಳ್ಳಿಹಾಕುವ ಹಾಗಿರಲಿಲ್ಲ. ಈ ವಿಷಯದಲ್ಲಿ ನಾನು ಮೊದಲೇ ಕೈ ಸುಟ್ಟುಕೊಂಡಿದ್ದೆ. 2018ರ ಲಾರ್ಡ್ಸ್ ಟೆಸ್ಟ್‌ನ ಐದನೇ ದಿನಕ್ಕೆ ರಜೆ ಹಾಕಿಟ್ಟಿದ್ದೆ. ಮೊದಲ ದಿನ ಪೂರ್ತಿ ಮಳೆ ಬಂದರೂ ನಾಲ್ಕನೇ ದಿನವೇ ನಾವು ಇನಿಂಗ್ಸ್ ಸೋಲು ಸೋತೆವು. ಅದೇ ತಿಂಗಳು ಟ್ರೆಂಟ್ ಬ್ರಿಜ್‌ನಲ್ಲಿ ಕೊನೆಯ ದಿನ ಗೆಲ್ಲಲು ಒಂದೇ ವಿಕೆಟ್ ಬೇಕಿತ್ತು. ಹೋದೆ. ಮೂರು ಓವರ್ ಕೂಡ ಪೂರ್ತಿ ಆಗಲಿಲ್ಲ, ಅಶ್ವಿನ್ ಆಂಡರ್ಸನ್‌ನ ವಿಕೆಟ್ ತೆಗೆದು ಆಟ ಮುಗಿಸಿದರು. 2021ರಲ್ಲಿ ಮತ್ತೆ ಅದೇ ಮೈದಾನ. 157 ರನ್ ಬೇಕು, ಒಂಬತ್ತು ವಿಕೆಟ್ ಕೈಯಲ್ಲಿವೆ, ಭಾನುವಾರ ಬೇರೆ. ಬೆಳಗ್ಗೆಯಿಂದ ಮಳೆ, ಒಂದು ಚೆಂಡೂ ಬೀಳಲಿಲ್ಲ. ಟಿಕೆಟ್ ದುಡ್ಡು ವಾಪಸ್ ಬಂತು. ರೈಲಿನ ದುಡ್ಡು ಹೋಯಿತು.

ಇದಾಗಿ ಎಂಟು ದಿನಕ್ಕೆ ಲಾರ್ಡ್ಸ್‌ನಲ್ಲಿ ಶಮಿ, ಬುಮ್ರಾ 89 ರನ್ ಸೇರಿಸಿದರು. ಇಂಗ್ಲೆಂಡ್ 120ಕ್ಕೆ ಆಲೌಟ್, ನಾವು ಗೆದ್ದೆವು. ಟ್ರೆಂಟ್ ಬ್ರಿಜ್ ಸಿಟ್ಟಿನಲ್ಲಿ ಆ ದಿನ ನಾನು ಹೋಗಿರಲಿಲ್ಲ. ಆಫೀಸಿನಲ್ಲಿ ಕೂತು ಫೋನ್ ನೋಡುತ್ತಿದ್ದೆ. ಆ ಹೊಟ್ಟೆಯುರಿ ನಾಲ್ಕು ವರ್ಷ ಆರಲಿಲ್ಲ. ಮುಂದಿನ ಸಲ ಐದಕ್ಕೆ ಐದೂ ಐದನೇ ದಿನ ಹೋಗಬೇಕು ಅಂತ ಅವತ್ತೇ ನಿರ್ಧಾರ ಮಾಡಿದ್ದು.

ನನ್ನ ಅಂದಾಜು ಸರಳವಾಗಿತ್ತು. ಸ್ಟೋಕ್ಸ್ ತಂಡಕ್ಕೆ ಚೇಸ್ ಮಾಡುವುದೆಂದರೆ ಇಷ್ಟ. 2022ರಲ್ಲಿ ಬರ್ಮಿಂಗ್‌ಹ್ಯಾಂನ ಎಜ್‌ಬಾಸ್ಟನ್‌ನಲ್ಲಿ ನಮ್ಮ ಮೇಲೆ 378 ಹೊಡೆದು ಮುಗಿಸಿದ್ದು ಐದನೇ ದಿನವೇ. ಅವರಿಗೆ ಬ್ಯಾಟಿಂಗ್ ಪಿಚ್ ಬೇಕು. ಆ ಪಿಚ್‌ನಲ್ಲಿ ನಮ್ಮ ಹುಡುಗರೂ ರನ್ ಹೊಡೆಯುತ್ತಾರೆ, ಅಲ್ವಾ? ಎರಡೂ ಕಡೆ ರನ್ ಬಂದರೆ ಆಟ ಕೊನೆಯ ದಿನಕ್ಕೆ ಹೋಗಲೇಬೇಕು. ಐದನೇ ದಿನಗಳು ಬಿದ್ದದ್ದು ಒಂದು ಮಂಗಳವಾರ, ಎರಡು ಭಾನುವಾರ, ಎರಡು ಸೋಮವಾರ. ಮೂರು ರಜೆ ಸಾಕಾಯಿತು.

ಮೊದಲ ಟೆಸ್ಟ್ ಲೀಡ್ಸ್‌ನ ಹೆಡಿಂಗ್ಲಿಯಲ್ಲಿ. ಅಲ್ಲಿ ದುಡ್ಡೂ ಜಾಸ್ತಿ ಹೋಯಿತು, ನೋವೂ ಜಾಸ್ತಿ ಆಯಿತು. ರೈಲಿಗೇ 55 ಪೌಂಡ್ ಹತ್ತಿರ ಆಯಿತು. ನಮ್ಮವರು ಆ ಟೆಸ್ಟ್‌ನಲ್ಲಿ ಐದು ಶತಕ ಹೊಡೆದಿದ್ದರು. ರಾಹುಲ್‌ದು 137. ಇಂಗ್ಲೆಂಡಿಗೆ ಕೊನೆಯ ದಿನ ಇನ್ನೂ 350 ಬೇಕಿತ್ತು. ಊಟದವರೆಗೆ ಒಂದು ವಿಕೆಟ್ ಬೀಳಲಿಲ್ಲ. ಮೊದಲ ವಿಕೆಟ್‌ಗೆ 188 ಆದ ಮೇಲೆ ಪ್ರಸಿದ್ಧ್ ಕೃಷ್ಣ ಎಸೆತದಲ್ಲಿ ಕ್ರಾಲಿ ಕೊಟ್ಟ ಕ್ಯಾಚನ್ನು ಸ್ಲಿಪ್‌ನಲ್ಲಿ ರಾಹುಲ್ ಹಿಡಿದರು. ಇಬ್ಬರೂ ನಮ್ಮ ಕರ್ನಾಟಕದವರು. ನಮ್ಮ ಸಾಲಿನಲ್ಲಿ ಕನ್ನಡದವನು ನಾನೊಬ್ಬನೇ, ಆದರೂ ಎದ್ದು ಕೂಗಿದೆ. ಡಕೆಟ್ 149 ಹೊಡೆದು ಆಟ ಕಸಿದುಕೊಂಡು ಹೋದ. ಐದು ಶತಕ ಹೊಡೆದು ಸೋತ ತಂಡ ಟೆಸ್ಟ್ ಚರಿತ್ರೆಯಲ್ಲೇ ಅದುವರೆಗೆ ಇರಲಿಲ್ಲ. ವಾಪಸ್ ಬರುವಾಗ ರೈಲಿನಲ್ಲಿ ಬುತ್ತಿ ಬಿಚ್ಚಲು ಮನಸ್ಸಾಗಲಿಲ್ಲ.

ಬುತ್ತಿ ಅಂದರೆ ಅದೂ ಲೆಕ್ಕದ ಭಾಗವೇ. ಮೈದಾನದಲ್ಲಿ ಊಟ ಕೊಂಡರೆ ಟಿಕೆಟ್‌ನಲ್ಲಿ ಉಳಿಸಿದ್ದು ಅಲ್ಲೇ ಹೋಗುತ್ತದೆ. ಮೊದಲ ಸಲ ಚಿತ್ರಾನ್ನ ಒಯ್ದೆ. ಮಧ್ಯಾಹ್ನದ ಹೊತ್ತಿಗೆ ಅನ್ನ ಗಟ್ಟಿಯಾಗಿತ್ತು. ಎರಡನೇ ಸಲ ಅವಲಕ್ಕಿ ಒಗ್ಗರಣೆ, ಅದೂ ಒಣಗಿತು. ಕೊನೆಗೆ ಚಪಾತಿಗೆ ತುಪ್ಪ, ಚಟ್ನಿಪುಡಿ ಸವರಿ ಸುತ್ತಿಕೊಂಡು ಹೋದೆ. ಜೊತೆಗೆ ಕೋಡುಬಳೆ. ಇದು ಸರಿಹೋಯಿತು. ಒಂದು ಕೈಯಲ್ಲಿ ತಿನ್ನಬಹುದು, ಇನ್ನೊಂದು ಕೈಯಲ್ಲಿ ಸ್ಕೋರ್ ಬರೆಯಬಹುದು. ಸ್ಕೋರನ್ನು ಪೆನ್ಸಿಲ್‌ನಲ್ಲೇ ಬರೆಯಬೇಕು. ಹೆಡಿಂಗ್ಲಿಯಲ್ಲಿ ನಡುವೆ ಮಳೆ ಬಂದಾಗ ಪೆನ್ನಿನಲ್ಲಿ ಬರೆದ ಅರ್ಧ ಪುಟ ಅಳಿಸಿಹೋಯಿತು.

ರೇಡಿಯೋ ಪ್ರಯೋಗ ಇನ್ನೊಂದು. ಮುಂಚೆ ಲಾಂಗ್ ವೇವ್ ಇರುವ ಹಳೆಯ ಸೆಟ್ ಒಯ್ಯುತ್ತಿದ್ದೆ. ಕಣ್ಣೆದುರು ಚೆಂಡು ಬೀಳುವಾಗಲೇ ಬಿಬಿಸಿ ಕಾಮೆಂಟರಿ ಕಿವಿಗೆ ಬರುತ್ತಿತ್ತು. 2023ರ ಆಶಸ್ (ಇಂಗ್ಲೆಂಡ್-ಆಸ್ಟ್ರೇಲಿಯಾ ಸರಣಿ) ಆದಮೇಲೆ ಅದು ನಿಂತಿತು. ಫೋನಿನಲ್ಲಿ ಕೇಳಿದರೆ ಅರ್ಧ ನಿಮಿಷದಷ್ಟು ತಡ. ವಿಕೆಟ್ ಬಿದ್ದು ಎಲ್ಲರೂ ಕೂತ ಮೇಲೆ ಕಿವಿಯಲ್ಲಿ ಬೌಲರ್ ಓಡಿಬರುತ್ತಿರುತ್ತಾನೆ. ಎರಡು ಟೆಸ್ಟ್‌ನಲ್ಲಿ ನೋಡಿ ಬಿಟ್ಟೆ.

ಎಜ್‌ಬಾಸ್ಟನ್ ನನಗೆ ಮನೆಯ ಮೈದಾನ ಇದ್ದ ಹಾಗೆ. ಓಡಾಟಕ್ಕೆ ಎಂಟು ಪೌಂಡ್, ನ್ಯೂ ಸ್ಟ್ರೀಟ್ ಸ್ಟೇಷನ್ನಿಂದ ನಡೆದೇ ಹೋದೆ. ಬೆಳಗ್ಗೆ ಮಳೆ ನೋಡಿ 2021 ನೆನಪಾಗಿ ಎದೆ ಹೊಡೆದುಕೊಂಡಿತು. ಒಂದೂವರೆ ಗಂಟೆ ಮೀರಿ ತಡವಾಗಿ ಆಟ ಶುರುವಾಯಿತು. ಆಕಾಶ್ ದೀಪ್ ಆರು ವಿಕೆಟ್ ತೆಗೆದರು. 336 ರನ್ ಗೆಲುವು. ಆ ಮೈದಾನದಲ್ಲಿ ಭಾರತ ಗೆದ್ದ ಮೊದಲ ಟೆಸ್ಟ್ ಅದು. ಗಿಲ್ 269, 161 ಹೊಡೆದದ್ದನ್ನು ನಾನು ನೋಡಲಿಲ್ಲ ನಿಜ. ಆದರೆ ಗೆದ್ದ ಗಳಿಗೆ ನೋಡಿದೆ. ಎರಡರಲ್ಲಿ ಒಂದು ಕೊಡುತ್ತೇವೆ ಅಂದರೆ ನಾನು ಇದನ್ನೇ ಆರಿಸಿಕೊಳ್ಳುತ್ತೇನೆ.

ಲಾರ್ಡ್ಸ್‌ನಲ್ಲಿ ತಪ್ಪು ಮಾಡಿದೆ. ದುಡ್ಡು ಉಳಿಸಲು ಬೆಳಗಿನ ಜಾವದ ಕೋಚ್ ಹಿಡಿದೆ. ಹೋಗಿಬರಲು 18 ಪೌಂಡ್. ಅದು ಮೋಟರ್‌ವೇಯಲ್ಲಿ ಕೆಟ್ಟು ನಿಂತಿತು. ಇನ್ನೊಂದು ಬರುವ ಹೊತ್ತಿಗೆ ಆಟ ಶುರುವಾಗಿತ್ತು. ನಮಗೆ 193 ಗುರಿ, ಹಿಂದಿನ ಸಂಜೆ 4 ವಿಕೆಟ್‌ಗೆ 58, ರಾಹುಲ್ ಕ್ರೀಸಿನಲ್ಲಿದ್ದರು. ಮೊದಲ ಇನಿಂಗ್ಸ್‌ನಲ್ಲಿ ಸರಿಯಾಗಿ ನೂರು ಹೊಡೆದಿದ್ದರು. ಅವರನ್ನು ನೋಡಲೆಂದೇ ಹೊರಟಿದ್ದೆ. ನಾನು ಸೀಟು ಹುಡುಕಿ ಕೂತಾಗ ಸ್ಕೋರು 7ಕ್ಕೆ 82. ರಾಹುಲ್ 39ಕ್ಕೆ ಔಟ್ ಆಗಿ ಹೋಗಿದ್ದರು.

ಆಮೇಲೆ ನೋಡಿದ್ದು ಮಾತ್ರ ಜನ್ಮಪೂರ್ತಿ ಮರೆಯುವುದಿಲ್ಲ. ಜಡೇಜಾ ಒಂದು ಕಡೆ. ಇನ್ನೊಂದು ಕಡೆ ಬುಮ್ರಾ 54 ಎಸೆತ ಆಡಿ ಐದು ರನ್ ಮಾಡಿದರು. ಆಮೇಲೆ ಸಿರಾಜ್ 30 ಎಸೆತ ತಡೆದರು. ಇಡೀ ಮೈದಾನ ಪ್ರತಿ ಎಸೆತಕ್ಕೂ ಉಸಿರು ಹಿಡಿಯುತ್ತಿತ್ತು. ಬಶೀರ್ ಎಸೆತವನ್ನು ಸಿರಾಜ್ ಬ್ಯಾಟಿನ ಮಧ್ಯಕ್ಕೇ ತಗೊಂಡಿದ್ದರು. ಚೆಂಡು ನೆಲಕ್ಕೆ ಬಿದ್ದು ಮೆಲ್ಲಗೆ ಹಿಂದಕ್ಕೆ ಉರುಳಿ ಸ್ಟಂಪಿಗೆ ತಾಗಿತು, ಬೇಲ್ ಬಿತ್ತು. 22 ರನ್ ಸೋಲು. ಸಿರಾಜ್ ಅಲ್ಲೇ ಕುಕ್ಕರುಗಾಲಲ್ಲಿ ಕೂತುಬಿಟ್ಟರು. ನನ್ನ ಪಕ್ಕದ ಇಂಗ್ಲಿಷ್ ಅಜ್ಜ ಸುಮ್ನೆ ನನ್ನ ಹೆಗಲ ಮೇಲೆ ಕೈ ಇಟ್ಟರು.

ಟಿಕೆಟ್ ಯಾವಾಗ ತಗೊಳ್ಳೋದು ಅಂತ ತುಂಬಾ ಜನ ಕೇಳಿದ್ದಾರೆ. ಒಂದೊಂದು ಮೈದಾನದ ಪದ್ಧತಿ ಒಂದೊಂದು ಥರ. ಮೂರನೇ ದಿನದ ಸಂಜೆಯಿಂದ ಕಣ್ಣಿಡಬೇಕು ಅನ್ನುವಷ್ಟು ಹೇಳುತ್ತೇನೆ. ನಾನು ನೋಡುವ ಹೊತ್ತು, ಲಾರ್ಡ್ಸ್‌ನಲ್ಲಿ ಕೂರುವ ಮೂಲೆ, ಇವೆರಡನ್ನು ಹೇಳುವುದಿಲ್ಲ. ನಾಲ್ಕು ಬೇಸಿಗೆ ಅಲೆದು ಕಂಡುಕೊಂಡದ್ದು. ಐದೂ ಟಿಕೆಟ್ ಸೇರಿ 130 ಪೌಂಡ್ ಒಳಗೆ ಮುಗಿಯಿತು.

ಮ್ಯಾಂಚೆಸ್ಟರ್‌ನ ಓಲ್ಡ್ ಟ್ರಾಫರ್ಡ್‌ಗೆ ಹೋಗುವಾಗ ಬೇಡ ಅಂದವರೇ ಜಾಸ್ತಿ. ಇಂಗ್ಲೆಂಡ್ 669 ಹೊಡೆದಿತ್ತು, ನಮ್ಮದು ಎರಡನೇ ಇನಿಂಗ್ಸ್‌ನಲ್ಲಿ ಸೊನ್ನೆಗೆ ಎರಡು ವಿಕೆಟ್ ಹೋಗಿತ್ತು. ಆದರೆ ನಾಲ್ಕನೇ ಸಂಜೆ ರಾಹುಲ್ 87 ಮಾಡಿ ನಿಂತಿದ್ದರು. ನನಗೆ ಅಷ್ಟು ಸಾಕಿತ್ತು. ಶತಕ ಆಗಲಿಲ್ಲ, 90ಕ್ಕೆ ಔಟ್. ಆದರೆ ಈ ಸಲ ಹೊತ್ತಿಗೆ ಮುಂಚೆ ಹೋಗಿದ್ದೆ, ಕಣ್ಣಾರೆ ನೋಡಿದೆ. ಜಡೇಜಾ, ವಾಷಿಂಗ್ಟನ್ ಇಬ್ಬರೂ ಶತಕ ಹೊಡೆದು ಪಂದ್ಯ ಉಳಿಸಿದರು.

ಲಂಡನ್ನಿನ ಓವಲ್‌ಗೆ ಕೋಚ್ ಸಹವಾಸವೇ ಬೇಡ ಅಂತ ಭಾನುವಾರ ಸಂಜೆಯೇ ರೈಲು ಹತ್ತಿ ಕ್ರಾಯ್ಡನ್‌ನ ಗೆಳೆಯನ ಮನೆಯಲ್ಲಿ ಮಲಗಿದೆ. ಅದೇ ಶಿವಮೊಗ್ಗದವನು ರಾತ್ರಿ ಫೋನ್ ಮಾಡಿ ಟಿಕೆಟ್ ಇನ್ನೊಂದು ಇದೆಯಾ ಅಂತ ಕೇಳಿದ. ಇರಲಿಲ್ಲ. ಇಂಗ್ಲೆಂಡಿಗೆ ಬೇಕಾದದ್ದು 35 ರನ್, ನಮಗೆ ನಾಲ್ಕು ವಿಕೆಟ್. ಪ್ರಸಿದ್ಧ್ ಹಾಕಿದ ಮೊದಲೆರಡು ಎಸೆತಕ್ಕೆ ಓವರ್ಟನ್ ಎರಡು ಬೌಂಡರಿ ಹೊಡೆದ. ನನ್ನ ಕೈಯ ಪೆನ್ಸಿಲ್ ನಡುಗುತ್ತಿತ್ತು. ಸಿರಾಜ್ ಸ್ಮಿತ್‌ನನ್ನು, ಆಮೇಲೆ ಓವರ್ಟನ್‌ನನ್ನು ತೆಗೆದರು. ಟಂಗ್‌ನನ್ನು ಪ್ರಸಿದ್ಧ್ ಬೌಲ್ಡ್ ಮಾಡಿದರು. ಎರಡೂ ಇನಿಂಗ್ಸ್‌ನಲ್ಲಿ ನಮ್ಮ ಹುಡುಗನಿಗೆ ನಾಲ್ಕು ನಾಲ್ಕು ವಿಕೆಟ್. ಹೆಗಲಿಗೆ ಪೆಟ್ಟಾಗಿದ್ದ ವೋಕ್ಸ್ ಒಂದು ಕೈಯನ್ನು ಸ್ವೆಟರ್ ಒಳಗೆ ಕಟ್ಟಿಕೊಂಡು ಬ್ಯಾಟಿಂಗ್‌ಗೆ ಇಳಿದಾಗ ನಾವೆಲ್ಲ ಎದ್ದು ಚಪ್ಪಾಳೆ ತಟ್ಟಿದೆವು. ಇಂಗ್ಲೆಂಡ್ ಇನ್ನು ಆರು ರನ್ ಹೊಡೆದರೆ ಟೈ. ಸಿರಾಜ್ ಯಾರ್ಕರ್ ಹಾಕಿದರು, ಅಟ್ಕಿನ್ಸನ್‌ನ ಸ್ಟಂಪ್ ಹೋಯಿತು. ಲಾರ್ಡ್ಸ್‌ನಲ್ಲಿ ಕುಸಿದು ಕೂತವರೇ ಅವರು. ಸರಣಿ 2-2.

ಒಂಬತ್ತು ಓವರ್ ಕೂಡ ಇರಲಿಲ್ಲ ಆ ದಿನದ ಆಟ. ಹಾಸನದಲ್ಲಿ ಆಗ ಸಂಜೆ ನಾಲ್ಕೂವರೆ, ಕಾಫಿ ಹೊತ್ತು. ಅಪ್ಪ ಫೋನ್ ಮಾಡಿದರು. ಗಲಾಟೆಯಲ್ಲಿ ಅವರು ಹೇಳಿದ್ದು ನನಗೆ ಕೇಳಲಿಲ್ಲ, ನಾನು ಹೇಳಿದ್ದು ಅವರಿಗೆ ಕೇಳಲಿಲ್ಲ. ಇಬ್ಬರೂ ಫೋನ್ ಇಡಲಿಲ್ಲ. ಬುತ್ತಿಯನ್ನು ವಾಪಸ್ ಬರುವಾಗ ರೈಲಿನಲ್ಲಿ ತಿಂದೆ.