ಮಗುವಿಗೆ ಯಾವ ಆಹಾರ ಒಗ್ಗುವುದಿಲ್ಲ: ಅಲರ್ಜಿ ಪರೀಕ್ಷೆಗೆ ಮೊದಲು ಮತ್ತು ಆಮೇಲೆ

ನಮ್ಮಲ್ಲಿ ‘ಒಗ್ಗುವುದಿಲ್ಲ’ ಎಂಬ ಒಂದೇ ಮಾತಿನಲ್ಲಿ ಬೇರೆ ಬೇರೆ ತೊಂದರೆಗಳು ಸೇರಿಕೊಂಡಿವೆ. ಹಾಲು ಕುಡಿದ ಮಗುವಿಗೆ ಹೊಟ್ಟೆಯುಬ್ಬರವಾದರೂ, ಟೊಮೆಟೊ ಸಾರು ತಾಗಿ ಬಾಯಿಯ ಸುತ್ತ ಕೆಂಪಾದರೂ, ಕಡಲೆಬೀಜ ತಿಂದು ಮೈತುಂಬ ಪಿತ್ತಗಂಧೆ ಎದ್ದು ಉಸಿರು ಸಿಕ್ಕಿಕೊಂಡರೂ ಮನೆಯವರು ಹೇಳುವುದು ಅದನ್ನೇ. ಮೊದಲನೆಯದು ಹಾಲಿನ ಸಕ್ಕರೆ ಜೀರ್ಣವಾಗದ ತೊಂದರೆಯಿರಬಹುದು. ಭೇದಿಯಾದ ಮೇಲೆ ಕೆಲವು ದಿನ ಇದು ಕಾಣಿಸಿಕೊಂಡು ಹೋಗುವುದುಂಟು. ಎರಡನೆಯದು ಹುಳಿ ತಾಗಿ ಎಳೆಯ ಚರ್ಮ ಉರಿದದ್ದು ಮಾತ್ರ. ಮೂರನೆಯದೇ ನಿಜವಾದ ಅಲರ್ಜಿ, ಅಂದರೆ ಆಹಾರದಲ್ಲಿರುವ ಪ್ರೋಟೀನನ್ನು ದೇಹದ ರೋಗನಿರೋಧಕ ವ್ಯವಸ್ಥೆ ಶತ್ರುವೆಂದು ಎಣಿಸಿ ಅದರ ಮೇಲೆ ಎರಗುವುದು. ಇವುಗಳನ್ನು ಬೇರ್ಪಡಿಸಿಕೊಳ್ಳದೆ ಲ್ಯಾಬಿಗೆ ಹೋದರೆ ಹಣವೂ ವ್ಯರ್ಥ, ಮಗುವಿನ ತಟ್ಟೆಯೂ ಸುಮ್ಮನೆ ಬರಿದಾಗುತ್ತದೆ.

ಬೇರ್ಪಡಿಸಲು ಎಲ್ಲಕ್ಕಿಂತ ಹೆಚ್ಚು ನೆರವಾಗುವುದು ಸಮಯ. ರೋಗನಿರೋಧಕ ವ್ಯವಸ್ಥೆ ತಯಾರಿಸುವ ಐಜಿಇ ಎಂಬ ಪ್ರತಿಕಾಯದಿಂದ ಉಂಟಾಗುವ ಅಲರ್ಜಿಯು ತಿಂದ ಕೆಲವೇ ನಿಮಿಷಗಳಿಂದ ಸುಮಾರು 2 ಗಂಟೆಯೊಳಗೆ ಕಾಣಿಸಿಕೊಳ್ಳುತ್ತದೆ: ಗಂಧೆ, ತುಟಿ ಅಥವಾ ಕಣ್ಣಿನ ಊತ, ವಾಂತಿ, ಕೆಮ್ಮು, ಗೊರಗೊರ ಉಸಿರು. ತಡವಾಗಿ ಬರುವ ಬಗೆ ಬೇರೆಯದು. ಎದೆಹಾಲು ಅಥವಾ ಡಬ್ಬಿ ಹಾಲು ಕುಡಿಯುವ, ಉಳಿದಂತೆ ಚೆನ್ನಾಗಿಯೇ ಇರುವ ಕೂಸಿನ ಮಲದಲ್ಲಿ ರಕ್ತದ ಎಳೆ ಕಾಣುವುದು, ಅಥವಾ ತಿಂದ 1ರಿಂದ 4 ಗಂಟೆಗಳ ನಂತರ ಮತ್ತೆ ಮತ್ತೆ ವಾಂತಿಯಾಗಿ ಮಗು ಬಿಳಿಚಿಕೊಂಡು ಸುಸ್ತಾಗುವುದು ಈ ಗುಂಪಿಗೆ ಸೇರಿದ ಲಕ್ಷಣಗಳು. ಆದ್ದರಿಂದ ವೈದ್ಯರನ್ನು ಕಾಣುವ ಮೊದಲೇ ಒಂದು ಹಾಳೆಯಲ್ಲಿ ಬರೆದಿಡಿ: ಮಗು ಏನು ತಿಂದಿತು, ಎಷ್ಟು ತಿಂದಿತು, ಅದು ಹಸಿಯೋ ಬೇಯಿಸಿದ್ದೋ, ಎಷ್ಟು ಹೊತ್ತಿಗೆ ಏನಾಯಿತು, ಯಾವ ಔಷಧಿ ಕೊಟ್ಟಿರಿ, ಎಷ್ಟು ಹೊತ್ತಿನಲ್ಲಿ ಇಳಿಯಿತು, ಹಿಂದೆ ಅದೇ ಪದಾರ್ಥವನ್ನು ತಿಂದು ಸುಮ್ಮನಿತ್ತೇ. ದದ್ದುಗಳ ಫೋಟೋ ತೆಗೆದಿಡಿ, ಪೊಟ್ಟಣದ ಆಹಾರವಾಗಿದ್ದರೆ ಅದರ ಹಿಂಬದಿಯದನ್ನೂ ತೆಗೆದಿಡಿ. ಆ ದಿನಗಳಲ್ಲಿ ನೆಗಡಿ, ಜ್ವರ ಇತ್ತೇ ಎಂಬುದನ್ನು ಮರೆಯದೆ ಬರೆಯಿರಿ, ಏಕೆಂದರೆ ಚಿಕ್ಕ ಮಕ್ಕಳಲ್ಲಿ ಗಂಧೆ ಏಳುವುದಕ್ಕೆ ವೈರಸ್ ಸೋಂಕೇ ಬಹಳ ಸಲ ಕಾರಣವಾಗಿರುತ್ತದೆ, ಬೈಸಿಕೊಳ್ಳುವುದು ಮಾತ್ರ ಹಿಂದಿನ ದಿನ ತಿಂದ ಬದನೆಕಾಯಿ.

ಈ ವಿವರಗಳನ್ನು ಕೇಳಿದ ಮೇಲೆ ವೈದ್ಯರು ಅನುಮಾನವಿರುವ ಒಂದೆರಡು ಪದಾರ್ಥಗಳಿಗೆ ಮಾತ್ರ ಪರೀಕ್ಷೆ ಬರೆಯಬೇಕು. ಸ್ಕಿನ್ ಪ್ರಿಕ್ ಪರೀಕ್ಷೆಯಲ್ಲಿ ಮುಂಗೈಯ ಮೇಲೆ, ಕೂಸಾದರೆ ಬೆನ್ನಿನ ಮೇಲೆ, ಆಹಾರದ ಸಾರದ ಹನಿಯಿಟ್ಟು ಮೊನೆಯಿಂದ ಮೇಲ್ಚರ್ಮವನ್ನು ಚುಚ್ಚುತ್ತಾರೆ, ರಕ್ತ ಬರುವುದಿಲ್ಲ. 15ರಿಂದ 20 ನಿಮಿಷಗಳಲ್ಲಿ ಎದ್ದ ಗುಳ್ಳೆಯು ಬರಿಯ ದ್ರಾವಣದ ಹನಿಯಿಟ್ಟ ಜಾಗಕ್ಕಿಂತ 3 ಮಿಲಿಮೀಟರ್ ಅಥವಾ ಹೆಚ್ಚು ದೊಡ್ಡದಿದ್ದರೆ ಪಾಸಿಟಿವ್ ಎನ್ನುತ್ತಾರೆ. ಸೆಟ್ರಿಜಿನ್‌ನಂಥ ಅಲರ್ಜಿ ಔಷಧಿಗಳು ಗುಳ್ಳೆ ಏಳದಂತೆ ತಡೆಯುವುದರಿಂದ ಅವನ್ನು ಸಾಮಾನ್ಯವಾಗಿ 5ರಿಂದ 7 ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಮನೆಯಲ್ಲಿರುವ ನೆಗಡಿ ಸಿರಪ್‌ಗಳಲ್ಲೂ ಅಂಥ ಔಷಧಿ ಅಡಗಿರುತ್ತದೆ ಎಂಬುದು ನೆನಪಿರಲಿ. ರಕ್ತದಲ್ಲಿ ಐಜಿಇ ಅಳೆಯುವ ಪರೀಕ್ಷೆಗೆ ಈ ನಿರ್ಬಂಧವಿಲ್ಲ, ಹಾಗಾಗಿ ಮೈಮೇಲೆಲ್ಲ ಎಕ್ಸಿಮಾ (ಚರ್ಮ ಒಣಗಿ ಕೆಂಪಾಗಿ ತುರಿಸುವ ತೊಂದರೆ) ಇರುವ ಮಗುವಿಗೆ ಅದು ಅನುಕೂಲ.

ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆ ಎಂದಾಗುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ದೇಹವು ಆ ಪದಾರ್ಥವನ್ನು ಗುರುತು ಹಿಡಿದಿದೆ ಎಂದಷ್ಟೇ ಅದರ ಅರ್ಥ; ತಿಂದಾಗ ಏನೂ ಆಗದಿದ್ದರೆ ಅದು ಅಲರ್ಜಿಯಲ್ಲ. ಅಂಕಿ ದೊಡ್ಡದಾದಷ್ಟೂ ಅಲರ್ಜಿ ಇರುವ ಸಾಧ್ಯತೆ ಹೆಚ್ಚುತ್ತದೆಯೇ ಹೊರತು, ಮುಂದಿನ ಸಲ ಎಷ್ಟು ತೀವ್ರವಾಗಿ ಬರುತ್ತದೆ ಎಂಬುದನ್ನು ಅದು ತಿಳಿಸುವುದಿಲ್ಲ. ಚೀನಾ, ರಷ್ಯಾ ಮತ್ತು ಭಾರತದ ಶಾಲಾ ಮಕ್ಕಳನ್ನು ಹೋಲಿಸಿದ ಅಧ್ಯಯನವೊಂದರಲ್ಲಿ, ಪರೀಕ್ಷೆಯಲ್ಲಿ ಪಾಸಿಟಿವ್ ಬಂದವರು ಭಾರತದಲ್ಲೇ ಹೆಚ್ಚಾಗಿದ್ದರೂ ನಿಜವಾದ ಆಹಾರ ಅಲರ್ಜಿ ಇಲ್ಲಿಯೇ ಎಲ್ಲಕ್ಕಿಂತ ಕಡಿಮೆಯಿತ್ತು. ಹೀಗಿರುವಾಗ ನೂರು ಆಹಾರಗಳನ್ನು ಒಂದೇ ಪೊಟ್ಟಣದಲ್ಲಿ ಪರೀಕ್ಷಿಸಿಕೊಡುವ ಪ್ಯಾಕೇಜುಗಳ ಗೋಜಿಗೆ ಹೋಗಬಾರದು. ವರದಿಯಲ್ಲಿ ಕೆಂಪಾಗಿ ಕಂಡ ತೊಗರಿಬೇಳೆ, ಅಕ್ಕಿ, ಹಾಲು, ಮೊಟ್ಟೆ ಎಲ್ಲವನ್ನೂ ಬಿಡಿಸಿದ ತಾಯಂದಿರಿದ್ದಾರೆ. ಮಗುವಿನ ತೂಕ ಇಳಿಯುವುದಷ್ಟೇ ಅಲ್ಲ, ಎಕ್ಸಿಮಾ ಇರುವ ಮಗು ಅಲ್ಲಿಯವರೆಗೆ ಸಲೀಸಾಗಿ ತಿನ್ನುತ್ತಿದ್ದುದನ್ನು ಬಹಳ ಕಾಲ ಬಿಡಿಸಿದರೆ, ಮತ್ತೆ ಕೊಟ್ಟಾಗ ನಿಜವಾದ ಅಲರ್ಜಿಯೇ ಹುಟ್ಟಿಕೊಂಡಿರಬಹುದು. ಐಜಿಜಿ ಎಂಬ ಇನ್ನೊಂದು ಪ್ರತಿಕಾಯವನ್ನು ಅಳೆಯುವ ಪರೀಕ್ಷೆಯ ವರದಿಗೆ ಕಿವಿಗೊಡಲೇ ಬೇಡಿ. ಆಹಾರ ತಿನ್ನುವವರೆಲ್ಲರ ರಕ್ತದಲ್ಲೂ ಐಜಿಜಿ ಇರುತ್ತದೆ.

ಅನುಮಾನ ಉಳಿದಾಗ ಅದನ್ನು ಖಚಿತವಾಗಿ ಬಗೆಹರಿಸುವುದು ಫುಡ್ ಚಾಲೆಂಜ್. ಮಗು ಆರೋಗ್ಯವಾಗಿರುವ ದಿನ, ತುರ್ತು ಚಿಕಿತ್ಸೆಯ ಸೌಲಭ್ಯವಿರುವ ಆಸ್ಪತ್ರೆಯಲ್ಲಿ, ಚಿಟಿಕೆಯಷ್ಟರಿಂದ ಶುರುಮಾಡಿ 15ರಿಂದ 30 ನಿಮಿಷಗಳಿಗೊಮ್ಮೆ ಪ್ರಮಾಣ ಹೆಚ್ಚಿಸುತ್ತ ಆಹಾರವನ್ನು ತಿನ್ನಿಸಿ, ಕೊನೆಯ ತುತ್ತಿನ ನಂತರವೂ ಕೆಲವು ಗಂಟೆ ಗಮನಿಸುತ್ತಾರೆ. ಇದನ್ನು ಮನೆಯಲ್ಲಿ ಪ್ರಯೋಗಿಸಬೇಡಿ. ಮಲದಲ್ಲಿ ರಕ್ತ ಕಾಣುವಂಥ ತಡವಾದ ಬಗೆಯಲ್ಲಿ ಚರ್ಮದ ಮತ್ತು ರಕ್ತದ ಪರೀಕ್ಷೆಗಳೆರಡೂ ಉಪಯೋಗಕ್ಕೆ ಬಾರವು. ಆ ಪದಾರ್ಥವನ್ನು 2ರಿಂದ 4 ವಾರ ಬಿಡಿಸಿ, ಗುಣ ಕಂಡ ಮೇಲೆ ವೈದ್ಯರು ಹೇಳಿದಂತೆ ಮತ್ತೆ ಕೊಟ್ಟು ನೋಡುವುದೇ ಪರೀಕ್ಷೆ. ಬಿಡಿಸುವುದನ್ನು ಎಲ್ಲರೂ ಮಾಡುತ್ತಾರೆ, ಮತ್ತೆ ಕೊಟ್ಟು ನೋಡುವವರು ಕಡಿಮೆ.

ಅಲರ್ಜಿ ಖಚಿತವಾದರೆ ಮನೆಯ ಅಡುಗೆಯನ್ನು ಹೊಸ ಕಣ್ಣಿನಿಂದ ನೋಡಬೇಕಾಗುತ್ತದೆ. ಹಸುವಿನ ಹಾಲು ಆಗದ ಮಗುವಿಗೆ ಎಮ್ಮೆಯ ಹಾಲಾಗಲಿ ಆಡಿನ ಹಾಲಾಗಲಿ ಪರ್ಯಾಯವಲ್ಲ, ಅವುಗಳ ಪ್ರೋಟೀನುಗಳು ತೀರ ಹತ್ತಿರದವು. ಎದೆಹಾಲನ್ನು ಮುಂದುವರಿಸಬೇಕು, ಡಬ್ಬಿ ಹಾಲೇ ಬೇಕಾದರೆ ಪ್ರೋಟೀನನ್ನು ಚೂರುಚೂರಾಗಿ ಒಡೆದ ವಿಶೇಷ ಪುಡಿಯನ್ನು ವೈದ್ಯರು ಸೂಚಿಸುತ್ತಾರೆ. ಒಂದು ವರ್ಷದೊಳಗಿನ ಕೂಸಿಗೆ ರಾಗಿಸರಿ ಹಾಲಿನ ಜಾಗವನ್ನು ತುಂಬಲಾರದು, ಆದರೆ ಆಮೇಲಿನ ವಯಸ್ಸಿನಲ್ಲಿ ಕ್ಯಾಲ್ಸಿಯಂಗೆ ರಾಗಿಯಷ್ಟು ಒಳ್ಳೆಯ ಧಾನ್ಯ ನಮ್ಮಲ್ಲಿ ಇನ್ನೊಂದಿಲ್ಲ: 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ. ಹಾಲು ಅಡಗಿರುವ ಜಾಗಗಳು ಮಾತ್ರ ಮೋಸಗೊಳಿಸುತ್ತವೆ. ರವೆ ಇಡ್ಲಿಯಲ್ಲಿ ಮೊಸರಿದೆ, ಒಗ್ಗರಣೆಯ ಬಾಳಕದ ಮೆಣಸಿನಕಾಯಿ ಮಜ್ಜಿಗೆಯಲ್ಲಿ ನೆನೆದದ್ದು.

ಕಡಲೆಕಾಯಿಯ ವಿಷಯದಲ್ಲಿ ಹೆಸರಿನದೇ ಒಂದು ಗೊಂದಲವಿದೆ. ಮೈಸೂರಿನ ಕಡೆ ಕಡಲೆಬೀಜ ಎನ್ನುವುದು ಹುಬ್ಬಳ್ಳಿಯ ಕಡೆ ಶೇಂಗಾ. ಕಡಲೆ, ಕಡಲೆಬೇಳೆ, ಹುರಿಗಡಲೆ ಬೇರೆಯೇ ಕಾಳು. ‘ಕಡಲೆ ಆಗುವುದಿಲ್ಲ’ ಎಂದು ಹೇಳಿದರೆ ಅಡುಗೆಯವರು ಹುರಿಗಡಲೆ ಚಟ್ನಿಯನ್ನು ಬಿಟ್ಟು ಶೇಂಗಾ ಚಟ್ನಿ ಬಡಿಸಿಯಾರು, ಆದ್ದರಿಂದ ಎರಡೂ ಹೆಸರು ಹೇಳಿ, ಸಾಧ್ಯವಾದರೆ ಕಾಳನ್ನೇ ತೋರಿಸಿ. ಚಿತ್ರಾನ್ನ, ಪುಳಿಯೋಗರೆಗಳಲ್ಲಿ ಅದು ಕಣ್ಣಿಗೆ ಕಾಣುತ್ತದೆ, ಚಟ್ನಿಪುಡಿಯಲ್ಲಿ ಮತ್ತು ಬದನೆಕಾಯಿ ಎಣ್ಣೆಗಾಯಿಯ ಮಸಾಲೆಯಲ್ಲಿ ಕಾಣುವುದಿಲ್ಲ. ಈಗ ಮತ್ತೆ ಬಳಕೆಗೆ ಬಂದಿರುವ ಗಾಣದ ಕಡಲೆಕಾಯಿ ಎಣ್ಣೆಯಲ್ಲಿ ಪ್ರೋಟೀನಿನ ಅಂಶ ಉಳಿದಿರುತ್ತದೆ, ಚೆನ್ನಾಗಿ ಸಂಸ್ಕರಿಸಿದ ಎಣ್ಣೆಯಲ್ಲಿ ಅದು ಬಹುತೇಕ ಇರುವುದಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲದಲ್ಲಂತೂ ಶೇಂಗಾ, ಎಳ್ಳು ಎರಡೂ ಒಂದೇ ಪೊಟ್ಟಣದಲ್ಲಿ ಮನೆಗೆ ಬರುತ್ತವೆ.

ಅಂಗಡಿಯ ಪೊಟ್ಟಣಗಳ ಮೇಲೆ ಗ್ಲುಟೆನ್ ಇರುವ ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ-ಏಡಿ, ಕಡಲೆಕಾಯಿ, ಗೋಡಂಬಿ-ಬಾದಾಮಿಯಂಥ ಬೀಜಗಳು, ಸೋಯಾ ಇವುಗಳಿದ್ದರೆ ಪ್ರತ್ಯೇಕವಾಗಿ ಹೇಳಬೇಕೆಂದು ದೇಶದ ಆಹಾರ ಸುರಕ್ಷತಾ ಪ್ರಾಧಿಕಾರವಾದ ಎಫ್‌ಎಸ್‌ಎಸ್‌ಎಐ 2020ರ ಲೇಬಲ್ ನಿಯಮಗಳು ವಿಧಿಸುತ್ತವೆ. ಆ ಪಟ್ಟಿಯಲ್ಲಿ ಎಳ್ಳು ಇಲ್ಲ, ಹಾಗಾಗಿ ಎಳ್ಳಿನ ಅಲರ್ಜಿಯಿದ್ದರೆ ಪದಾರ್ಥಗಳ ಪಟ್ಟಿಯನ್ನೆಲ್ಲ ಓದಲೇಬೇಕು. ಬೇಕರಿಯ ಬಿಡಿ ತಿಂಡಿಗೆ ಲೇಬಲ್ಲೇ ಇರುವುದಿಲ್ಲ; ಅದನ್ನು ಬಿಡುವುದು ಒಳ್ಳೆಯದು.

ಎಷ್ಟು ಎಚ್ಚರವಿದ್ದರೂ ಒಂದು ದಿನ ತಪ್ಪಾಗಬಹುದೆಂದು ಮೊದಲೇ ಸಿದ್ಧರಾಗಿರಿ. ಒಂದೆರಡು ಗಂಧೆಗೆ ವೈದ್ಯರು ಬರೆದ ಸಿರಪ್ ಸಾಕು. ಉಸಿರಾಟ ಕಷ್ಟವಾಗುವುದು, ಧ್ವನಿ ಒಡೆಯುವುದು, ನಾಲಿಗೆ ಊದುವುದು, ಮಗು ಬಿಳಿಚಿಕೊಂಡು ಜೋಲುವುದು, ಅಥವಾ ಗಂಧೆಯ ಜೊತೆಗೆ ವಾಂತಿಯೂ ಮರುಕಳಿಸುವುದು ಪ್ರಾಣಕ್ಕೇ ಅಪಾಯ ತರುವ ತೀವ್ರ ಅಲರ್ಜಿಯಾದ ಅನಾಫಿಲಾಕ್ಸಿಸ್‌ನ ಗುರುತು. ಅದಕ್ಕೆ ಮದ್ದು ತೊಡೆಯ ಹೊರಭಾಗದ ಸ್ನಾಯುವಿಗೆ ಕೊಡುವ ಅಡ್ರಿನಾಲಿನ್ ಇಂಜೆಕ್ಷನ್. ಸಿರಪ್ಪಿನಿಂದ ಅದು ನಿಲ್ಲುವುದಿಲ್ಲ. ವಿದೇಶಗಳಲ್ಲಿ ಸಿಗುವ, ಒತ್ತಿದರೆ ತಾನೇ ಚುಚ್ಚುವ ಪೆನ್ನು ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗದಿರುವುದರಿಂದ, ಮಗುವಿನ ತೂಕಕ್ಕೆ ತಕ್ಕ ಪ್ರಮಾಣವನ್ನು ವೈದ್ಯರಿಂದ ಬರೆಸಿಕೊಂಡು, ಆಂಪೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) ಮತ್ತು ಸಿರಿಂಜ್ ಬಳಸುವುದನ್ನು ಅವರ ಎದುರಿಗೇ ಅಭ್ಯಾಸ ಮಾಡಿಕೊಳ್ಳಬೇಕು. ಮಗುವನ್ನು ಮಲಗಿಸಿ ಕಾಲು ಎತ್ತರಿಸಿ, ಉಸಿರು ಕಟ್ಟುತ್ತಿದ್ದರೆ ಕೂರಲು ಬಿಡಿ, ನಡೆಸಬೇಡಿ, 108ಕ್ಕೆ ಕರೆಮಾಡಿ. ಬಾಯಿಗೆ ಬೆರಳು ಹಾಕಿ ವಾಂತಿ ಮಾಡಿಸಲು ಹೋಗಬೇಡಿ. ಲಕ್ಷಣಗಳು ಇಳಿದರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ಗಂಟೆಗಳ ಮೇಲೆ ಅವು ಮರಳಬಹುದು.

ಈ ಯೋಜನೆಯನ್ನು ಸರಳ ಕನ್ನಡದಲ್ಲಿ ಒಂದೇ ಹಾಳೆಗೆ ಇಳಿಸಿ, ಮಗುವಿನ ಫೋಟೋ ಅಂಟಿಸಿ, ಅಂಗನವಾಡಿ ಕಾರ್ಯಕರ್ತೆಗೆ, ಶಾಲೆಯ ಶಿಕ್ಷಕರಿಗೆ ಮತ್ತು ಬಿಸಿಯೂಟದ ಅಡುಗೆಯವರಿಗೆ ಒಂದೊಂದು ಪ್ರತಿ ಕೊಡಿ; ಹಾಲು ಮತ್ತು ಮೊಟ್ಟೆಯನ್ನು ಅಲ್ಲಿ ಹಂಚುತ್ತಾರೆ. ಇನ್ನೊಂದು ಪ್ರತಿ ಅಜ್ಜಿಗೆ. ‘ಒಂದು ಚೂರು ಕೊಟ್ಟರೆ ಏನಾಗುತ್ತೆ’ ಎಂಬ ಮಾತು ಬರುವುದು ಪ್ರೀತಿಯಿಂದಲೇ, ಆದರೂ ವೈದ್ಯರ ಬಳಿಗೆ ಒಮ್ಮೆ ಅವರನ್ನೂ ಕರೆದುಕೊಂಡು ಹೋದರೆ ಮನೆಯಲ್ಲಿ ಅರ್ಧ ವಾದ ಕಡಿಮೆಯಾಗುತ್ತದೆ. ಮೊಟ್ಟೆಯ ಅಲರ್ಜಿಯಿದೆ ಎಂದು ದಡಾರದ ಲಸಿಕೆಯನ್ನು ತಪ್ಪಿಸುವ ಅಗತ್ಯವಿಲ್ಲ.

ಹಾಲು ಮತ್ತು ಮೊಟ್ಟೆಯ ಅಲರ್ಜಿ ಹೆಚ್ಚಿನ ಮಕ್ಕಳಲ್ಲಿ ಬೆಳೆಯುತ್ತ ಹೋದಂತೆ ಬಿಟ್ಟುಹೋಗುತ್ತದೆ. ಕಡಲೆಕಾಯಿ, ಗೋಡಂಬಿ, ಮೀನುಗಳದು ಅಷ್ಟು ಸುಲಭವಾಗಿ ಹೋಗುವುದಿಲ್ಲ. ಆದ್ದರಿಂದ 6ರಿಂದ 12 ತಿಂಗಳಿಗೊಮ್ಮೆ ವೈದ್ಯರಿಗೆ ತೋರಿಸಿ, ಮರುಪರೀಕ್ಷೆಗೆ ಕಾಲ ಬಂದಿದೆಯೇ ಎಂದು ಕೇಳಿ. ಮುಂದಿನ ಕೂಸು ಹುಟ್ಟಿದರೆ ಹೆದರಿ ಎಲ್ಲವನ್ನೂ ಮುಂದೂಡಬೇಡಿ: 2015ರಲ್ಲಿ ಪ್ರಕಟವಾದ ಬ್ರಿಟನ್ನಿನ ಲೀಪ್ ಅಧ್ಯಯನದಲ್ಲಿ, ತೀವ್ರ ಎಕ್ಸಿಮಾ ಅಥವಾ ಮೊಟ್ಟೆಯ ಅಲರ್ಜಿ ಇದ್ದ 640 ಕೂಸುಗಳ ಪೈಕಿ 4ರಿಂದ 11 ತಿಂಗಳಲ್ಲೇ ಕಡಲೆಕಾಯಿ ತಿನ್ನಲಾರಂಭಿಸಿದವರಲ್ಲಿ ಅದರ ಅಲರ್ಜಿ ಸುಮಾರು ಶೇಕಡ 80ರಷ್ಟು ಕಡಿಮೆಯಾಯಿತು. ಇಡೀ ಬೀಜ ಗಂಟಲಿಗೆ ಸಿಕ್ಕಿಕೊಳ್ಳುವುದರಿಂದ ನುಣ್ಣಗೆ ಅರೆದು ಗಂಜಿಯಲ್ಲಿ ಕಲಸಿ ಕೊಡಬೇಕು, ತೀವ್ರ ಎಕ್ಸಿಮಾ ಇರುವ ಕೂಸಿಗೆ ಮೊದಲು ವೈದ್ಯರನ್ನು ಕೇಳಬೇಕು. ಫುಡ್ ಚಾಲೆಂಜ್‌ನಲ್ಲಿ ತೇರ್ಗಡೆಯಾದ ಮಗುವಿಗೆ ಆ ಪದಾರ್ಥವನ್ನು ಮನೆಯಲ್ಲಿ ವಾರಕ್ಕೆ ಎರಡು ಮೂರು ಸಲವಾದರೂ ತಿನ್ನಿಸುತ್ತಿರಿ.