ಒಂಬತ್ತು ವರ್ಷ ಮಲಗಿದ್ದ ಯೆಜ್ಡಿ

ಹಳ್ಳಿಯೊಂದರ ಕೊಟ್ಟಿಗೆಯಲ್ಲಿ ಒಂಬತ್ತು ವರ್ಷ ನಿಂತಿದ್ದ ಯೆಜ್ಡಿ ಬೈಕನ್ನು ಮನೆಗೆ ತಂದೆ. ಮನೆಯಲ್ಲಿ ಬೈಗುಳ ಜಾಸ್ತಿ. ಆದರೆ ಮೈಸೂರಿನ ಕಾರ್ಖಾನೆ 1996ರಲ್ಲೇ ಮುಚ್ಚಿತು, ಇಂಥದ್ದನ್ನು ಗುಜರಿಗೆ ಹಾಕೋಕೆ ಮನಸ್ಸು ಬರಲ್ಲ, ಅಲ್ವಾ?

ಕಿಕ್ಕರ್ ಅಲುಗಾಡಲೇ ಇಲ್ಲ. ಪಿಸ್ಟನ್ ಹಿಡಿದುಕೊಂಡಿತ್ತು. ತುಳಿದು ಹಿಂಸೆ ಕೊಡದೆ ಪ್ಲಗ್ ಬಿಚ್ಚಿ, ಆ ತೂತಿನಲ್ಲಿ ಎರಡು ಚಮಚ 2ಟಿ ಆಯಿಲ್ (ಟೂ-ಸ್ಟ್ರೋಕ್ ಬೈಕಿನ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಬಿಟ್ಟು ರಾತ್ರಿಯಿಡೀ ಸುಮ್ನೆ ಬಿಟ್ಟೆ. ಬೆಳಿಗ್ಗೆ ಗೇರಿಗೆ ಹಾಕಿ ಹಿಂದೆ ಮುಂದೆ ತೂಗಿದೆ. 'ಟಕ್' ಅಂತ ಬಿಟ್ಟುಕೊಂಡಿತು.

ಕಿಡಿ ಹುಟ್ಟಿಸಲು ಕರೆಂಟ್ ಕಡಿದು ಕೊಡುವ ಪಾಯಿಂಟನ್ನು ನಯವಾದ ಎಮರಿ ಪೇಪರಿನಿಂದ ಉಜ್ಜಿ, ಗ್ಯಾಪ್ 0.4 ಮಿ.ಮೀ.ಗೆ ಇಟ್ಟೆ. ಪ್ಲಗ್‌ನಲ್ಲಿ ನೀಲಿ ಕಿಡಿ ಬಂತು. ಆದರೂ ಸ್ಟಾರ್ಟ್ ಇಲ್ಲ!

ಕಳ್ಳ ಇದ್ದದ್ದು ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನಲ್ಲಿ. ಬೌಲ್ ಬಿಚ್ಚಿದರೆ ಹಳೇ ಪೆಟ್ರೋಲ್ ಬೆಲ್ಲದ ಪಾಕದಂತೆ ಅಂಟಿತ್ತು, ಹುಳಿ ವಾಸನೆ ಬೇರೆ. ಪೆಟ್ರೋಲ್ ಹಾಯುವ ಸಣ್ಣ ತೂತಿನ ಜೆಟ್ಟನ್ನು ಬಿಸಿಲಿಗೆ ಹಿಡಿದೆ, ಬೆಳಕೇ ಕಾಣಲಿಲ್ಲ. ಸೂಜಿ ಹಾಕಿದರೆ ತೂತು ದೊಡ್ಡದಾಗುತ್ತದೆ. ಅದಕ್ಕೇ ಕರೆಂಟ್ ವೈರಿನ ಒಂದೇ ಒಂದು ತಾಮ್ರದ ಎಳೆ ತೂರಿಸಿದೆ. ಸಾಸಿವೆಗಿಂತ ಸಣ್ಣ ಬೆಳಕಿನ ಚುಕ್ಕಿ ಕಂಡಿತು. ತುಕ್ಕು ಬಿಡಿಸಲು ಟ್ಯಾಂಕಿಗೆ ನೀರು, ಹಳೇ ನಟ್ಟುಗಳನ್ನು ಹಾಕಿ ಕುಲುಕಿದಾಗ ಬಂದದ್ದು ಕಾವಿ ಬಣ್ಣದ ನೀರು. ಮೂರು ಸಲ ತೊಳೆದೆ.

ಹೊಸ ಪೆಟ್ರೋಲ್, ಲೀಟರಿಗೆ 40 ಮಿ.ಲೀ. ಆಯಿಲ್. ಏಳನೇ ಕಿಕ್ಕಿಗೆ ಅಂಗಳದ ತುಂಬ ಹೊಗೆ. ಖುಷಿಯಲ್ಲಿ ಆ ಕಿಕ್ಕರನ್ನೇ ಮುಂದಕ್ಕೆ ಮಡಚಿ ಗೇರ್ ಹಾಕಿದೆ, ಯೆಜ್ಡಿಯಲ್ಲಿ ಎರಡಕ್ಕೂ ಒಂದೇ ಲಿವರ್. ಗೇಟ್ ತನಕ ಹೋದ ಮೇಲೆ ನೆನಪಾಯಿತು, ಬ್ರೇಕ್ ಇನ್ನೂ ನೋಡಿಯೇ ಇರಲಿಲ್ಲ.