ಸೋತವರ ಮೇಲೆ ಹೇರಿದ ಒಪ್ಪಂದವನ್ನು ಓದುವ ಬಗೆ

ಹಾಸನದ ಕಾಲೇಜುಗಳಲ್ಲಿ ವರ್ಸೇಲ್ಸ್ (ಮೊದಲ ಮಹಾಯುದ್ಧದಲ್ಲಿ ಸೋತ ಜರ್ಮನಿಯ ಮೇಲೆ ಹೇರಿದ ಒಪ್ಪಂದ) ಪಾಠ ಮಾಡುವವರು ಮೊದಲು 1792ರ ಶ್ರೀರಂಗಪಟ್ಟಣ ಒಪ್ಪಂದ ಎತ್ತಿಕೊಳ್ಳಿ. ಸಕಲೇಶಪುರದ ಮಂಜರಾಬಾದ್ ಕೋಟೆ ಹತ್ತಿದ ಮಕ್ಕಳಿಗೆ ಟಿಪ್ಪು ಹೊಸಬನಲ್ಲ.

ಹಾಳೆಯಲ್ಲಿ ಮೂರು ಕಲಂ ಎಳೆಸಿ: ನೆಲ, ದುಡ್ಡು, ಜಾಮೀನು. ಟಿಪ್ಪುವಿನ ಸಾಲು ಬೇಗ ತುಂಬುತ್ತದೆ: ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಒತ್ತೆಗೆ ಇಬ್ಬರು ಗಂಡುಮಕ್ಕಳು.

ಇನ್ನು ವರ್ಸೇಲ್ಸ್. 1919ರ ಜೂನ್ 28ರಂದು ಸಹಿ, ಒಟ್ಟು 440 ವಿಧಿ, ಅಷ್ಟನ್ನೂ ಓದಿಸಹೋಗಬೇಡಿ. ನೆಲ: ಅಲ್ಸೇಸ್-ಲೊರೇನ್ ಫ್ರಾನ್ಸಿಗೆ. ಜಾಮೀನು: ರೈನ್ ನದಿಯ ಪಶ್ಚಿಮ ದಡದಲ್ಲಿ 15 ವರ್ಷದವರೆಗೆ ಗೆದ್ದವರ ಪಡೆ. ಇಲ್ಲಿ ನಾಲ್ಕನೇ ಕಲಂ ಸೇರಿಸಿ, ಸೈನ್ಯ: 1 ಲಕ್ಷ ಜನ, ಟ್ಯಾಂಕ್ ಇಲ್ಲ, ಜಲಾಂತರ್ಗಾಮಿ ಇಲ್ಲ.

ಎಡವಟ್ಟಾಗುವುದು ದುಡ್ಡಿನ ಕಲಮಿನಲ್ಲೇ. ಜರ್ಮನಿ ಕೊಡಬೇಕಾದ ಯುದ್ಧ ಪರಿಹಾರ 13,200 ಕೋಟಿ ಚಿನ್ನದ ಮಾರ್ಕ್ (ಜರ್ಮನಿಯ ನಾಣ್ಯ) ಎಂದು 1919ರ ಎದುರು ಬರೆದುಬಿಡುತ್ತಾರೆ. ಒಪ್ಪಂದದಲ್ಲಿ ಆ ಅಂಕಿಯೇ ಇಲ್ಲ! 231ನೇ ವಿಧಿ ನಷ್ಟದ ಹೊಣೆ ಹೊರಿಸುತ್ತದೆ. ಪೂರ್ತಿ ಕಟ್ಟಿಕೊಡುವ ತಾಕತ್ತು ಜರ್ಮನಿಗಿಲ್ಲ ಎಂದು 232ನೆಯದೇ ಒಪ್ಪುತ್ತದೆ. ಮೊತ್ತ ಗೊತ್ತಾದದ್ದು 1921ರಲ್ಲಿ, ಲಂಡನ್ನಿನಲ್ಲಿ. ಅದರಲ್ಲೂ 8,200 ಕೋಟಿ ‘ಸಿ’ ದರ್ಜೆಯ ಬಾಂಡ್‌ಗಳು (ಸಾಲಪತ್ರಗಳು), ಹೆಚ್ಚುಕಡಿಮೆ ಕಾಗದದ ಲೆಕ್ಕ. ನಿಜಕ್ಕೂ ವಸೂಲಿಗಿಟ್ಟದ್ದು 5,000 ಕೋಟಿ. 231ನ್ನು ಮಾತ್ರ ಬಾಯಿಪಾಠ ಮಾಡಿಸಿದರೆ ಅರ್ಧ ಪಾಠವೇ ಆಯಿತು.

ಅದೇ ಯುದ್ಧದಲ್ಲಿ ಸೋತ ಹಂಗೇರಿಯ ಟ್ರಿಯಾನಾನ್ ಒಪ್ಪಂದಕ್ಕೆ (1920) ಒಂದು ಸಾಲು ಸಾಕು: ಮೂರರಲ್ಲಿ ಎರಡು ಪಾಲು ನೆಲ ಹೋಯಿತು. ತುರ್ಕಿಯ ಸೆವ್ರ್ ಒಪ್ಪಂದವನ್ನು ಮಾತ್ರ ಪೆನ್ಸಿಲ್ಲಿನಲ್ಲಿ ಬರೆಸಿ. ಅದು ಜಾರಿಗೇ ಬರಲಿಲ್ಲ. ತುರ್ಕಿಯ ನಾಯಕ ಮುಸ್ತಫಾ ಕೆಮಾಲ್ ಯುದ್ಧ ಗೆದ್ದ ಮೇಲೆ 1923ರಲ್ಲಿ ಸ್ವಿಟ್ಜರ್ಲೆಂಡಿನ ಲೌಸಾನ್‌ನಲ್ಲಿ ಕೂತು ಚೌಕಾಸಿ ಮಾಡಿ ಬೇರೆಯದೇ ಒಪ್ಪಂದವಾಯಿತು.